ಕೇಬಲ್ ಕೂಡಿದರೆ ಸಾಲದು: ಹಳೆಯ ಫ್ಲಾಪಿ ಡ್ರೈವಿಗೆ ಕಾರ್ಡ್ ಹೊಂದಿಸುವ ಕೆಲಸ

ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮತ್ತೆ ನಡೆಸುವ ಕೆಲಸದಲ್ಲಿ ನನ್ನ ಸಮಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿಂದಿರುವುದು ತೆಳುವಾದ ಕಾಂತೀಯ ಡಿಸ್ಕನ್ನು ಓದಿ ಬರೆಯುವ ಫ್ಲಾಪಿ ಡ್ರೈವಿಗೂ ಅದನ್ನು ಆಳುವ ಇಂಟರ್ಫೇಸ್ ಕಾರ್ಡಿಗೂ ಜೋಡಿ ಹೊಂದಿಸುವ ಕೆಲಸ. ಪ್ರೊಸೆಸರ್ ಕೆಟ್ಟಿದ್ದರೆ ಅದೇ ಸಂಖ್ಯೆಯ ಇನ್ನೊಂದನ್ನು ಹುಡುಕಿ ಕೂರಿಸಬಹುದು. ಮೆಮೊರಿ ಚಿಪ್ಪು ಸತ್ತಿದ್ದರೆ ಬೆಸುಗೆ ಬಿಡಿಸಿ ಬೇರೆಯದನ್ನು ಹಾಕಬಹುದು. ಡ್ರೈವಿನ ವಿಷಯ ಅಷ್ಟು ಸಲೀಸಲ್ಲ. ಡ್ರೈವೂ ಸುಸ್ಥಿತಿಯಲ್ಲಿದ್ದು, ಕಾರ್ಡೂ ಸುಸ್ಥಿತಿಯಲ್ಲಿದ್ದು, ಕೇಬಲ್ ಎರಡೂ ತುದಿಯಲ್ಲಿ ಬಿಗಿಯಾಗಿ ಕೂತು, ದೀಪ ಹೊತ್ತಿ, ಮೋಟಾರು ತಿರುಗಿದ ಮೇಲೂ ಡಿಸ್ಕಿನಿಂದ ಒಂದಕ್ಷರ ಬಾರದೆ ಇರಬಹುದು. ಇದಕ್ಕೆ ಕಾರಣ ಹುಡುಕುತ್ತ ಹೋದಂತೆ ನನಗೆ ಮನದಟ್ಟಾದದ್ದು ಇಷ್ಟು: ಡ್ರೈವ್ ಮತ್ತು ಕಾರ್ಡ್ ಎರಡೂ ಸೇರಿಯೇ ಒಂದು ಉಪಕರಣ. ಅದನ್ನು ರೂಪಿಸಿದವರು ತಮಗೆ ಸರಿಕಂಡ ಜಾಗದಲ್ಲಿ ಅದನ್ನು ಎರಡು ಭಾಗ ಮಾಡಿ ನಡುವೆ ಕೇಬಲ್ ಹಾಕಿದ್ದಾರೆ, ಮತ್ತು ಆ ಜಾಗ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಆ ಗೆರೆ ಎಲ್ಲಿದೆ, ಯಾವ ಹೊಣೆ ಯಾವ ಕಡೆಗೆ ಬಿದ್ದಿದೆ ಎಂದು ತಿಳಿಯದೆ ಜೋಡಿ ಹೊಂದಿಸಲು ಬಾರದು.

ನಮ್ಮ ದಾವಣಗೆರೆಯಲ್ಲಿ ಇಂಥ ಸಾಮಾನಿಗೆ ಬಹಳ ಕಾಲ ಕೊರತೆಯಿರಲಿಲ್ಲ. ಹತ್ತಿ ಗಿರಣಿಗಳಿಂದ ಹೆಸರಾದ ಈ ಊರು ಓದಿಸುವ ಊರೂ ಹೌದು, ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಲ್ಲಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ ಇಲ್ಲಿ ಆರಂಭವಾದವು. ಆಮೇಲಿನ ವರ್ಷಗಳಲ್ಲಿ ಸಣ್ಣಪುಟ್ಟ ತರಬೇತಿ ಕೇಂದ್ರಗಳಿಗೂ, ಮಂಡಿಪೇಟೆಯ ಕಡೆ ಲೆಕ್ಕ ಬರೆಯುವ ಕೋಣೆಗಳಿಗೂ ಕಂಪ್ಯೂಟರ್ ಬಂದಿತು. ವಿದ್ಯಾನಗರದ ನನ್ನ ಮನೆಯ ಮಹಡಿಯ ಕೋಣೆಯಲ್ಲಿರುವ ಯಂತ್ರಗಳೆಲ್ಲ ಹೀಗೆ ಒಂದು ಕಾಲಕ್ಕೆ ಯಾರದೋ ಮೇಜಿನ ಮೇಲೆ ದುಡಿದವು: ಒಂದು ಬಿಬಿಸಿ ಮೈಕ್ರೋ, ಆಪಲ್ ಟು ಮಾದರಿಯ ಒಂದು ನಕಲು ಯಂತ್ರ, ಒಂದು ಸ್ಪೆಕ್ಟ್ರಮ್, ಕೆಲವು ಪಿಸಿಗಳು. ಯಂತ್ರಗಳು ಬಂದಷ್ಟು ಸುಲಭವಾಗಿ ಅವುಗಳ ಡ್ರೈವುಗಳು ಬರಲಿಲ್ಲ. ಬಂದ ಡ್ರೈವುಗಳೂ ಬಹುಪಾಲು ಬೇರೆ ಯಾವುದೋ ಯಂತ್ರದವು.

ಬಹುತೇಕ ಯಂತ್ರಗಳಿಗೆ ಸಮಾನವಾದ ಒಂದು ಅಡಿಪಾಯವಿದೆ. 1976ರಲ್ಲಿ ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿ ಎಸ್‌ಎ400 ಎಂಬ 5.25 ಇಂಚಿನ ಡ್ರೈವನ್ನು ಹೊರತಂದಿತು. 35 ಟ್ರ್ಯಾಕುಗಳ (ಡಿಸ್ಕಿನ ಮೇಲೆ ಬರಹ ಬೀಳುವ ಉಂಗುರಗಳ), ಒಂದೇ ಬದಿಯಲ್ಲಿ ಬರೆಯುವ ಆ ಡ್ರೈವಿನ ಹಿಂಭಾಗದಲ್ಲಿದ್ದ 34 ಸಂಪರ್ಕಗಳ ಜೋಡಣೆಯನ್ನೇ ಮುಂದೆ ಉಳಿದ ತಯಾರಕರೂ ಅನುಸರಿಸಿದರು. ಬೆಸಸಂಖ್ಯೆಯ ತಂತಿಗಳೆಲ್ಲ ಗ್ರೌಂಡ್. ಸಮಸಂಖ್ಯೆಯವು ಸಂಕೇತಗಳನ್ನು ಒಯ್ಯುತ್ತವೆ. ಯಾವ ಡ್ರೈವ್ ಎಚ್ಚರಗೊಳ್ಳಬೇಕು, ಮೋಟಾರು ತಿರುಗಬೇಕೇ, ಓದಿ ಬರೆಯುವ ಹೆಡ್ ಒಳಗೆ ಸರಿಯಬೇಕೇ ಹೊರಗೆ ಸರಿಯಬೇಕೇ, ಒಂದು ಹೆಜ್ಜೆ ಇಡು, ಈ ಬದಿಯನ್ನು ಹಿಡಿ, ಈಗ ಬರೆ ಎಂಬ ಆಜ್ಞೆಗಳು ಕಾರ್ಡಿನಿಂದ ಹೋಗುತ್ತವೆ. ಡ್ರೈವಿನಿಂದ ಮರಳಿ ಬರುವುದು ಸ್ವಲ್ಪವೇ: ಸುತ್ತಿನ ಆರಂಭವನ್ನು ತೋರುವ ಡಿಸ್ಕಿನ ರಂಧ್ರ ಹಾದುಹೋದಾಗ 8ನೆಯ ಪಿನ್ನಿನಲ್ಲಿ ಒಂದು ಮಿಡಿತ, ಹೆಡ್ ಸೊನ್ನೆಯ ಟ್ರ್ಯಾಕಿಗೆ ತಲುಪಿದಾಗ 26ನೆಯದರಲ್ಲಿ ಒಂದು ಸೂಚನೆ, ಬರೆಯಬಾರದ ಡಿಸ್ಕಾದರೆ 28ನೆಯದರಲ್ಲಿ ಒಂದು ಎಚ್ಚರಿಕೆ, ಮತ್ತು 30ನೆಯದರಲ್ಲಿ ಓದಿದ ಮಿಡಿತಗಳ ಸಾಲು.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಶುಗಾರ್ಟ್ ಮಾದರಿಯ ಡ್ರೈವಿಗೆ ಅಕ್ಷರ, ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು), ಫೈಲ್ ಯಾವುದೂ ಗೊತ್ತಿಲ್ಲ. ಹೆಡ್ಡಿನ ಕೆಳಗೆ ಕಾಂತಕ್ಷೇತ್ರದ ದಿಕ್ಕು ಬದಲಾದಾಗಲೆಲ್ಲ ಅದು ಒಂದು ಮಿಡಿತವನ್ನು ಕಳಿಸುತ್ತದೆ, ಅಷ್ಟೇ. ನಿಮಿಷಕ್ಕೆ 300 ಸುತ್ತು ತಿರುಗುವ ಸಾಮಾನ್ಯ ಡಬಲ್ ಡೆನ್ಸಿಟಿ (ಹಿಂದಿನ ಸಿಂಗಲ್ ಡೆನ್ಸಿಟಿಗಿಂತ ಎರಡರಷ್ಟು ಒತ್ತಾಗಿ ಬರೆದ) ಡಿಸ್ಕಿನಲ್ಲಿ ಆ ಮಿಡಿತಗಳು 4, 6 ಅಥವಾ 8 ಮೈಕ್ರೋಸೆಕೆಂಡಿನ ಅಂತರದಲ್ಲಿ ಬರುತ್ತವೆ. ಈ ಅಂತರಗಳನ್ನು ಅಳೆದು, ವೇಗದ ಸಣ್ಣ ಏರಿಳಿತವನ್ನು ಸರಿದೂಗಿಸಿ, ಇದು ಗಡಿಯಾರದ ಮಿಡಿತ, ಇದು ಮಾಹಿತಿಯ ಮಿಡಿತ ಎಂದು ಬೇರ್ಪಡಿಸಿ, ಎಂಟೆಂಟು ಬಿಟ್ಟುಗಳನ್ನು ಒಂದು ಬೈಟಾಗಿ ಕಟ್ಟುವ ಹೊಣೆಯೆಲ್ಲ ಕಾರ್ಡಿನದು. ಆದ್ದರಿಂದ ಡಿಸ್ಕಿನ ಮೇಲಿರುವ ಬರಹ ಯಾವ ರೂಪದಲ್ಲಿದೆ ಎಂಬುದನ್ನು ಕಾರ್ಡಿನ ಚಿಪ್ಪು ನಿರ್ಧರಿಸುತ್ತದೆ, ಅದು ಎಷ್ಟು ಅಗಲದ ಟ್ರ್ಯಾಕಿನಲ್ಲಿ, ಯಾವ ವೇಗದಲ್ಲಿ ಬಿದ್ದಿದೆ ಎಂಬುದನ್ನು ಡ್ರೈವ್ ನಿರ್ಧರಿಸುತ್ತದೆ. ಹಳೆಯ ಡಿಸ್ಕೊಂದನ್ನು ಓದಲು ಈ ಎರಡೂ ಒಪ್ಪಬೇಕು.

ಆಪಲ್ ಟು ಯಂತ್ರದ ಡಿಸ್ಕ್ ಟು ಎಂಬ ಡ್ರೈವು ಈ ಅಡಿಪಾಯವನ್ನೇ ಬಿಟ್ಟು ನಡೆದ ಉದಾಹರಣೆ, ಮತ್ತು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 1978ರಲ್ಲಿ ಸ್ಟೀವ್ ವೋಜ್ನಿಯಾಕ್ ಇದನ್ನು ರೂಪಿಸಿದಾಗ ಶುಗಾರ್ಟ್ ಕಂಪನಿಯಿಂದ ಡ್ರೈವಿನ ಯಾಂತ್ರಿಕ ಭಾಗವನ್ನು ಮಾತ್ರ ತರಿಸಿಕೊಂಡು, ಅದರ ಎಲೆಕ್ಟ್ರಾನಿಕ್ಸನ್ನು ತಾವೇ ಬೇರೆಯಾಗಿ ಮಾಡಿದರು. ಹೆಡ್ಡನ್ನು ಸರಿಸುವ ಸ್ಟೆಪರ್ ಮೋಟಾರಿನ ನಾಲ್ಕು ಸುರುಳಿಗಳಿಗೂ ಕಾರ್ಡಿನಿಂದಲೇ ನೇರವಾಗಿ ಆಜ್ಞೆ ಹೋಗುತ್ತದೆ. ಯಾವ ಸುರುಳಿಯನ್ನು ಯಾವಾಗ ಚಾಲೂ ಮಾಡಬೇಕು ಎಂಬುದು ಕಂಪ್ಯೂಟರಿನ ಪ್ರೋಗ್ರಾಮಿನ ಕೆಲಸ. ಡಿಸ್ಕಿನ ರಂಧ್ರವನ್ನು ಈ ಡ್ರೈವು ನೋಡುವುದೇ ಇಲ್ಲ. ಸೊನ್ನೆಯ ಟ್ರ್ಯಾಕನ್ನು ಗುರುತಿಸುವ ಸೆನ್ಸರ್ ಕೂಡ ಅದಕ್ಕಿಲ್ಲ. ಆರಂಭದಲ್ಲಿ ಹೆಡ್ಡನ್ನು ಹೊರತುದಿಯ ತಡೆಗೆ ಮತ್ತೆ ಮತ್ತೆ ತಾಗಿಸಿ, ಇನ್ನು ಹೊರಗೆ ಹೋಗಲಾರದು ಎಂಬುದನ್ನೇ ಸೊನ್ನೆ ಎಂದು ತೆಗೆದುಕೊಳ್ಳುತ್ತದೆ. ಆಪಲ್ ಟು ಶುರುವಾಗುವಾಗ ಕೇಳುವ ಕರಕರ ಸದ್ದು ಇದರದೇ. ಕಾರ್ಡಿನಲ್ಲಿ ಇರುವುದು ಎಂಟೇ ಚಿಪ್ಪುಗಳು. ಅವುಗಳಲ್ಲಿ ಎರಡು, ಒಮ್ಮೆ ಬರೆದದ್ದು ಅಳಿಯದ, ತಲಾ 256 ಬೈಟಿನ ಪ್ರಾಮ್‌ಗಳು. ಒಂದರಲ್ಲಿ ಯಂತ್ರವನ್ನು ಡಿಸ್ಕಿನಿಂದ ಎಬ್ಬಿಸುವ ಪುಟ್ಟ ಪ್ರೋಗ್ರಾಮು, ಇನ್ನೊಂದರಲ್ಲಿ ಮಿಡಿತಗಳನ್ನು ಬಿಟ್ಟುಗಳಾಗಿಸುವ ಸ್ಥಿತಿಗಳ ಪಟ್ಟಿ.

ಈ ಎರಡನೆಯ ಪ್ರಾಮಿನಲ್ಲೇ ಜೋಡಿಯ ಇನ್ನೊಂದು ಕಷ್ಟವೂ ಅಡಗಿದೆ. ಮೊದಲು ಆಪಲ್ ಒಂದು ಟ್ರ್ಯಾಕಿಗೆ 13 ಸೆಕ್ಟರ್ ಬರೆಯುತ್ತಿತ್ತು. 1980ರಲ್ಲಿ ಡಾಸ್ 3.3 ಎಂಬ ಡಿಸ್ಕ್ ತಂತ್ರಾಂಶ ಬಂದಾಗ ಅದು 16ಕ್ಕೆ ಏರಿತು, ಡಿಸ್ಕಿನ ಸಾಮರ್ಥ್ಯ 140 ಕಿಲೋಬೈಟ್ ಆಯಿತು. ಡ್ರೈವು ಅದೇ, ಕೇಬಲ್ ಅದೇ, ಕಾರ್ಡಿನ ಹಲಗೆಯೂ ಅದೇ. ಬದಲಾದದ್ದು ಪ್ರಾಮ್‌ಗಳು ಮಾತ್ರ. ಆದ್ದರಿಂದ ಆಪಲ್ ಕಾರ್ಡು ಕೈಗೆ ಬಂದಾಗ ಪ್ರಾಮ್‌ಗಳ ಮೇಲಿನ ಗುರುತನ್ನು ಓದಿಕೊಳ್ಳದೆ ಡ್ರೈವನ್ನು ದೂರಬಾರದು. ಅದಕ್ಕಿಂತ ಮುಖ್ಯವಾದ ಎಚ್ಚರಿಕೆ ಕೇಬಲಿನದು. ಡಿಸ್ಕ್ ಟು ಕೇಬಲಿನಲ್ಲಿ 20 ಎಳೆಗಳಿವೆ, ಕಾರ್ಡಿನ ಕಡೆಯ ಪಿನ್ನುಗಳಿಗೆ ಸುತ್ತ ಗೋಡೆಯಿಲ್ಲ, ಹೀಗಾಗಿ ಕನೆಕ್ಟರನ್ನು ಒಂದು ಸಾಲು ಆಚೀಚೆ ಹಾಕಲು ತಡೆಯಿಲ್ಲ. ಹಾಗೆ ಹಾಕಿ ಸ್ವಿಚ್ ಒತ್ತಿದರೆ 12 ವೋಲ್ಟು ಹೋಗಬಾರದ ಕಡೆ ಹೋಗಿ, ಡ್ರೈವಿನ ಹಲಗೆಯ ಮೇಲಿರುವ 74ಎಲ್‌ಎಸ್125 ಚಿಪ್ಪು ಸುಡುತ್ತದೆ. ಆಪಲ್ ಡ್ರೈವು ಸತ್ತಿದೆ ಎಂದು ಯಾರಾದರೂ ತಂದುಕೊಟ್ಟರೆ ನಾನು ಮೊದಲು ನೋಡುವುದು ಆ ಚಿಪ್ಪನ್ನೇ. ಅಗ್ಗದ ಚಿಪ್ಪಾದ್ದರಿಂದ ಬದಲಿಸುವುದು ಕಷ್ಟವಲ್ಲ, ಆದರೆ ಪವರ್ ಇರುವಾಗ ಆ ಕೇಬಲನ್ನು ಮುಟ್ಟಲೇಬಾರದು ಎಂಬ ಮಾತನ್ನು ನನ್ನ ಬಳಿ ಕಲಿಯಲು ಬರುವ ಹುಡುಗರಿಗೆ ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಬಿಬಿಸಿ ಮೈಕ್ರೋ ನಮ್ಮ ದೇಶಕ್ಕೆ ಬಂದ ದಾರಿ ಬೇರೆ. 1984-85ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ ಆರಂಭಿಸಿದ ಕ್ಲಾಸ್ ಯೋಜನೆಗೆ ಆರಿಸಿದ್ದು ಈ ಯಂತ್ರವನ್ನೇ. ಬ್ರಿಟನ್ನಿನ ಏಕಾರ್ನ್ ಕಂಪನಿ ರೂಪಿಸಿದ, 32 ಕಿಲೋಬೈಟ್ ಮೆಮೊರಿಯ ಆ ಯಂತ್ರದ ಮಾಡೆಲ್ ಬಿ ಎಂಬ ಮಾದರಿಯಲ್ಲಿ ಫ್ಲಾಪಿಗೆಂದು ಬೇರೆ ಕಾರ್ಡಿಲ್ಲ; ಮುಖ್ಯ ಹಲಗೆಯಲ್ಲಿ ಖಾಲಿ ಸಾಕೆಟ್ಟುಗಳಿವೆ, ಡ್ರೈವ್ ಬೇಕೆನ್ನುವವರು ಇಂಟೆಲ್ 8271 ಎಂಬ 40 ಕಾಲಿನ ಚಿಪ್ಪನ್ನೂ ಅದರ ಜೊತೆಗಾರರನ್ನೂ ಡಿಸ್ಕ್ ನಡೆಸುವ ಪ್ರೋಗ್ರಾಮಿರುವ ಒಂದು ರಾಮ್ (ROM) ಚಿಪ್ಪನ್ನೂ ತಂದು ಕೂರಿಸಬೇಕು. 8271 ತಿಳಿದಿರುವುದು ಸಿಂಗಲ್ ಡೆನ್ಸಿಟಿಯ ಬರಹವನ್ನು ಮಾತ್ರ. 256 ಬೈಟಿನ 10 ಸೆಕ್ಟರುಗಳು ಒಂದು ಟ್ರ್ಯಾಕಿಗೆ. 40 ಟ್ರ್ಯಾಕಿನ ಡಿಸ್ಕಿಗೆ ಒಂದು ಬದಿಯಲ್ಲಿ 100 ಕಿಲೋಬೈಟ್, 80ರದಕ್ಕೆ 200. ಆ ಚಿಪ್ಪು ದುಬಾರಿಯಾಗಿ, ಸಿಗುವುದೂ ಕಷ್ಟವಾದಾಗ, ವೆಸ್ಟರ್ನ್ ಡಿಜಿಟಲ್ಲಿನ 1770 ಚಿಪ್ಪನ್ನು ಸಣ್ಣ ಹಲಗೆಯ ಮೇಲಿಟ್ಟು ಅದೇ ಸಾಕೆಟ್ಟಿಗೆ ಕೂರಿಸುವ ವ್ಯವಸ್ಥೆ ಬಂದಿತು. 1985ರ ಬಿ ಪ್ಲಸ್ ಮಾದರಿಯಲ್ಲಿ ಏಕಾರ್ನ್ ತಾನೇ 1770ಕ್ಕೆ ಬದಲಾಯಿಸಿತು. 1770 ಎರಡೂ ಬಗೆಯ ಡೆನ್ಸಿಟಿ ಓದಬಲ್ಲದು. ಆದರೂ 8271ರ ಜೊತೆ ನೇರವಾಗಿ ಮಾತನಾಡುವಂತೆ ಬರೆದ ಪ್ರೋಗ್ರಾಮುಗಳು 1770ರ ಮೇಲೆ ನಡೆಯುವುದಿಲ್ಲ. ಯಾವ ಚಿಪ್ಪು ಒಳ್ಳೆಯದು ಎಂಬ ಪ್ರಶ್ನೆಗೆ ಆದ್ದರಿಂದ ಒಂದೇ ಉತ್ತರವಿಲ್ಲ; ಕೈಯಲ್ಲಿ ಯಾವ ಡಿಸ್ಕುಗಳಿವೆ ಎಂಬುದನ್ನು ನೋಡಿ ನಾನು ಆರಿಸಿಕೊಳ್ಳುತ್ತೇನೆ, ಮತ್ತು 8271 ಇರುವ ಹಲಗೆ ಸಿಕ್ಕರೆ ಅದನ್ನು ಕೀಳಲು ಮನಸ್ಸು ಮಾಡುವುದಿಲ್ಲ.

ಇದೇ ಯಂತ್ರದ ಕೀಬೋರ್ಡಿನ ಹಲಗೆಯ ಮೇಲೆ ಎಂಟು ಲಿಂಕುಗಳ ಒಂದು ಸಾಲಿದೆ, ಅದರಲ್ಲಿ ಎರಡು ಹೆಡ್ ಹೆಜ್ಜೆಯಿಡುವ ವೇಗವನ್ನು ಹೇಳುತ್ತವೆ. ಹಳೆಯ ಡ್ರೈವುಗಳ ಹೆಡ್ ನಿಧಾನವಾಗಿ ಸರಿಯುತ್ತದೆ; ವೇಗದ ಆಜ್ಞೆ ಕೊಟ್ಟರೆ ನಡುವೆ ಹೆಜ್ಜೆ ತಪ್ಪಿ ಬೇರೆ ಟ್ರ್ಯಾಕಿನಲ್ಲಿ ನಿಲ್ಲುತ್ತದೆ. ಡ್ರೈವಿನ ದೋಷವೆಂದು ತೋರುವ ಎಷ್ಟೋ ತೊಂದರೆಗಳು ಕೀಬೋರ್ಡಿನ ಆ ಎರಡು ತಂತಿತುಣುಕುಗಳಲ್ಲಿ ಮುಗಿದುಹೋಗುತ್ತವೆ.

ಈಗ ವೇಗದ ವಿಷಯ. ನಮ್ಮಲ್ಲಿ ಇಂದಿಗೂ ಸಿಗುವ 5.25 ಇಂಚಿನ ಡ್ರೈವುಗಳಲ್ಲಿ ಹೆಚ್ಚಿನವು 1984ರ ಐಬಿಎಂ ಪಿಸಿ ಎಟಿಯೊಂದಿಗೆ ಬಂದ 1.2 ಮೆಗಾಬೈಟಿನ ತಳಿಯವು. ಅವು ನಿಮಿಷಕ್ಕೆ 300ರ ಬದಲು 360 ಸುತ್ತು ತಿರುಗುತ್ತವೆ. ಬಿಬಿಸಿಯಂಥ ಯಂತ್ರಕ್ಕೆ ಇವನ್ನು ಜೋಡಿಸಿದಾಗ ಮಿಡಿತಗಳೆಲ್ಲ ಐದನೆಯ ಒಂದು ಭಾಗದಷ್ಟು ಬೇಗ ಬರುತ್ತವೆ, ಕಾರ್ಡಿನ ಲೆಕ್ಕ ಅದನ್ನು ಹಿಡಿಯಲಾರದು. ಎಟಿಯ ಕಾರ್ಡಿಗೆ ಇದು ತೊಂದರೆಯಲ್ಲ. ಹಳೆಯ ಡಿಸ್ಕು ಹಾಕಿದಾಗ ಅದು ಸೆಕೆಂಡಿಗೆ 250ರ ಬದಲು 300 ಕಿಲೋಬಿಟ್ಟಿಗೆ ಹೊಂದಿಕೊಳ್ಳುವಂತೆ ಮಾಡಲ್ಪಟ್ಟಿದೆ. 250ಕ್ಕೆ ಕಟ್ಟುಬಿದ್ದ ಕಾರ್ಡು ಇಂಥ ಡ್ರೈವಿನಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಲು ಹೊರಟರೂ ಜಾಗ ಸಾಲದು. 300 ಸುತ್ತಿನಲ್ಲಿ ಒಂದು ಟ್ರ್ಯಾಕಿಗೆ 6,250 ಬೈಟ್ ಬೀಳುತ್ತವೆ, 360ರಲ್ಲಿ 5,208 ಮಾತ್ರ; ಪಿಸಿಯ 512 ಬೈಟಿನ 9 ಸೆಕ್ಟರುಗಳನ್ನು ಅವುಗಳ ನಡುವಿನ ಗುರುತು ಮತ್ತು ತೆರಪುಗಳ ಸಮೇತ ಅಷ್ಟರಲ್ಲಿ ಹಿಡಿಸಲಾಗದು. ಜಂಪರ್ (ಹಲಗೆಯ ಪಿನ್ನುಗಳನ್ನು ಕೂಡಿಸುವ ಪುಟ್ಟ ತುಂಡು) ಬದಲಿಸಿ 300 ಸುತ್ತಿಗೆ ಇಳಿಸಬಹುದಾದ ಡ್ರೈವುಗಳೂ ಇವೆ, ಅಂಥದ್ದು ಸಿಕ್ಕರೆ ಕೆಲಸ ಸುಲಭ. ಇಲ್ಲವಾದರೆ ಹುಡುಕಬೇಕಾದದ್ದು ಟೀಕ್ ಕಂಪನಿಯ ಎಫ್‌ಡಿ-55 ಸರಣಿಯಂಥವನ್ನು. ಅಲ್ಲಿ ಸಂಖ್ಯೆಯ ಮುಂದಿನ ಅಕ್ಷರವೇ ಜಾತಕ ಹೇಳುತ್ತದೆ. ಎ ಮತ್ತು ಬಿ ಎಂದರೆ 40 ಟ್ರ್ಯಾಕು, ಇ ಮತ್ತು ಎಫ್ ಎಂದರೆ 80, ಜಿ ಎಂದರೆ 1.2 ಮೆಗಾಬೈಟಿನದು. ಬಿಬಿಸಿಗೆ ಎಫ್ ಅಕ್ಷರದ ಡ್ರೈವ್ ದೊರೆತರೆ ಅದಕ್ಕಿಂತ ಒಳ್ಳೆಯ ಜೋಡಿ ನನಗೆ ತಿಳಿದಿಲ್ಲ.

80 ಟ್ರ್ಯಾಕಿನ ಡ್ರೈವು 40 ಟ್ರ್ಯಾಕಿನ ಡಿಸ್ಕನ್ನು ಎರಡೆರಡು ಹೆಜ್ಜೆಯಿಟ್ಟು ಚೆನ್ನಾಗಿಯೇ ಓದುತ್ತದೆ. ಬರೆಯುವಾಗ ಅಪಾಯ. 80ರ ಹೆಡ್ಡು 40ರದರ ಅರ್ಧದಷ್ಟು ಅಗಲ. ಅಗಲ ಕುಂಚದಲ್ಲಿ ಬಳಿದ ಪಟ್ಟಿಯ ಮೇಲೆ ಸಣ್ಣ ಕುಂಚದಿಂದ ಬೇರೆ ಬಣ್ಣ ಎಳೆದಾಗ ಅಂಚಿನಲ್ಲಿ ಹಳೆಯ ಬಣ್ಣ ಉಳಿಯುವಂತೆ, ಹೊಸ ಬರಹದ ಪಕ್ಕದಲ್ಲಿ ಹಳೆಯ ಬರಹದ ಅಂಚು ಉಳಿದುಬಿಡುತ್ತದೆ. ಬರೆದ ಡ್ರೈವು ತಾನು ಬರೆದದ್ದನ್ನು ಸರಿಯಾಗಿ ಓದುತ್ತದೆ. ಮೂಲದ 40 ಟ್ರ್ಯಾಕಿನ ಡ್ರೈವಿಗೆ ಹಾಕಿದಾಗ ಅದರ ಅಗಲವಾದ ಹೆಡ್ಡಿಗೆ ಎರಡೂ ಒಟ್ಟಿಗೆ ಕೇಳಿ ಏನೂ ಅರ್ಥವಾಗದು. ಡಿಸ್ಕುಗಳ ಲೇಪನದಲ್ಲೂ ಇಂಥದೇ ಭೇದವಿದೆ: ಹಳೆಯ 5.25 ಇಂಚಿನ ಡಿಸ್ಕಿನ ಲೇಪನ ಸುಮಾರು 300 ಅರ್ಸ್ಟೆಡ್ಡಿನ ಕಾಂತಬಲಕ್ಕೆ ಬಗ್ಗುತ್ತದೆ, 1.2 ಮೆಗಾಬೈಟಿನದಕ್ಕೆ ಸುಮಾರು 600 ಬೇಕು. ನೋಡಲು ಒಂದೇ ರೀತಿಯಿರುವ ಈ ಎರಡನ್ನು ಅದಲುಬದಲು ಮಾಡಿದರೆ ಬರೆದದ್ದು ನಿಲ್ಲುವುದಿಲ್ಲ. 3.5 ಇಂಚಿನಲ್ಲಿ ಈ ಅಂತರ ಕಡಿಮೆ, ಸುತ್ತಿನ ವೇಗವೂ ಎರಡಕ್ಕೂ 300ರದೇ. ಹೀಗಾಗಿ ಮೂಲ ಡ್ರೈವ್ ಸಿಗದ ಯಂತ್ರಗಳಿಗೆ 3.5 ಇಂಚಿನ ಪಿಸಿ ಡ್ರೈವನ್ನು ಒಗ್ಗಿಸುವುದು ಬಹಳ ಸಲ ಸುಲಭವಾದ ದಾರಿ.

ಆ ದಾರಿಯಲ್ಲಿ ಮೊದಲು ಎದುರಾಗುವುದು ಪಿಸಿಯ ತಿರುವಿದ ಕೇಬಲ್. 1981ರ ಐಬಿಎಂ ಪಿಸಿ ಹೊರಬಂದಾಗಲೇ, ಡ್ರೈವುಗಳ ಜಂಪರ್ ಬದಲಿಸುವ ಕೆಲಸವೇ ಬೇಡವೆಂದು ಎಲ್ಲ ಡ್ರೈವುಗಳನ್ನೂ ಎರಡನೆಯ ಡ್ರೈವೆಂದೇ ಗುರುತು ಮಾಡಿ, ಎ ಡ್ರೈವಿಗೆ ಹೋಗುವ ತುದಿಯಲ್ಲಿ 10ರಿಂದ 16ರವರೆಗಿನ ಎಳೆಗಳನ್ನು ತಿರುವಿಬಿಟ್ಟರು. ಪಿಸಿ ಕಾರ್ಡಿನಲ್ಲಿ 10 ಎಂದರೆ ಎ ಮೋಟಾರು, 14 ಎಂದರೆ ಎ ಆಯ್ಕೆ, 12 ಎಂದರೆ ಬಿ ಆಯ್ಕೆ, 16 ಎಂದರೆ ಬಿ ಮೋಟಾರು. ತಿರುವಿನಿಂದ ಎರಡೂ ಡ್ರೈವುಗಳಿಗೆ ತಮ್ಮ ಆಯ್ಕೆ 12ರಲ್ಲೂ ಮೋಟಾರು 16ರಲ್ಲೂ ಸಿಗುತ್ತದೆ. ಬಹಳ ಜಾಣತನದ ಏರ್ಪಾಡು ಇದು, ಆದರೆ ಪಿಸಿಯ ಮನೆಯೊಳಗೆ ಮಾತ್ರ. ಬಿಬಿಸಿಯಂಥ ಶುಗಾರ್ಟ್ ಮಾದರಿಯ ಯಂತ್ರದಲ್ಲಿ 10, 12, 14 ಮೂರೂ ಡ್ರೈವ್ ಆಯ್ಕೆಯ ಎಳೆಗಳು, ಮೋಟಾರು ಎಲ್ಲಕ್ಕೂ ಸೇರಿ 16ರಲ್ಲಿ. ಅಲ್ಲಿ ಪಿಸಿಯ ತಿರುವಿದ ಕೇಬಲ್ ಹಾಕಿದರೆ ಮೋಟಾರಿನ ಆಜ್ಞೆ ಆಯ್ಕೆಯ ಪಿನ್ನಿಗೆ ಹೋಗುತ್ತದೆ. ನೇರ ಕೇಬಲ್ ಹಾಕಿದರೆ ಪಿಸಿ ಡ್ರೈವು 1 ಎಂಬ ಸಂಖ್ಯೆಯ, ಅಂದರೆ ಎರಡನೆಯ, ಡ್ರೈವಾಗಿ ಕಾಣಿಸಿಕೊಳ್ಳುತ್ತದೆ. ಅದು 0 ಆಗಬೇಕಾದರೆ 10 ಮತ್ತು 12ರ ಎಳೆಗಳನ್ನಷ್ಟೇ ಅದಲುಬದಲು ಮಾಡಬೇಕು. ಜಂಪರ್ ಇರುವ ಡ್ರೈವುಗಳಲ್ಲೂ ಒಂದನ್ನು ಗಮನಿಸಬೇಕು: ಕೆಲವು ತಯಾರಕರು ಡ್ರೈವುಗಳನ್ನು 0ಯಿಂದ 3ರವರೆಗೆ ಎಣಿಸಿದರೆ, ಇನ್ನು ಕೆಲವರು 1ರಿಂದ 4ರವರೆಗೆ ಎಣಿಸುತ್ತಾರೆ. ಹಲಗೆಯ ಮೇಲೆ ಡಿಎಸ್1 (ಡ್ರೈವ್ ಸೆಲೆಕ್ಟ್ 1) ಎಂದು ಬರೆದಿರುವುದು ಮೊದಲನೆಯದೋ ಎರಡನೆಯದೋ ಎಂದು ಮಲ್ಟಿಮೀಟರಿನಿಂದ ಪಿನ್ನಿನವರೆಗೆ ಎಳೆದು ನೋಡಿದ ಮೇಲೆಯೇ ನಾನು ನಂಬುತ್ತೇನೆ.

ಟರ್ಮಿನೇಟರ್ ರೆಸಿಸ್ಟರನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಇಡಬೇಕು. ಈ ಎಳೆಗಳ ವೋಲ್ಟೇಜನ್ನು ಓಪನ್ ಕಲೆಕ್ಟರ್ ಚಿಪ್ಪುಗಳು ಕೆಳಗೆಳೆಯುತ್ತವೆ, ಮೇಲೇರಿಸಲಾರವು. ಮೇಲಕ್ಕೆ ಎತ್ತಿಹಿಡಿಯುವುದು ಕೇಬಲಿನ ಕೊನೆಯ ಡ್ರೈವಿನಲ್ಲಿರುವ 150 ಓಮಿನ ರೆಸಿಸ್ಟರುಗಳು. 5 ವೋಲ್ಟಿಗೆ ಅದು ಸುಮಾರು 33 ಮಿಲಿಆಂಪಿಯರ್ ಹೊರೆ. ಕಾರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವ 7438 ಚಿಪ್ಪು 48 ಮಿಲಿಆಂಪಿಯರ್ ತನಕ ಹೊರಬಲ್ಲದು. ಎರಡು ಡ್ರೈವುಗಳಲ್ಲೂ ಟರ್ಮಿನೇಟರ್ ಬಿಟ್ಟರೆ ಹೊರೆ 66ರ ಆಸುಪಾಸಿಗೆ ಏರಿ ಅದರ ಮಿತಿ ದಾಟುತ್ತದೆ. ಎರಡರಲ್ಲೂ ತೆಗೆದುಬಿಟ್ಟರೆ ಸಂಕೇತಗಳು ಅಲ್ಲಾಡುತ್ತವೆ, ಬೆಳಗ್ಗೆ ಓದಿದ ಡಿಸ್ಕು ಮಧ್ಯಾಹ್ನ ಓದುವುದಿಲ್ಲ. ಹಳೆಯ ಡ್ರೈವುಗಳಲ್ಲಿ ಇದು ಸಾಕೆಟ್ಟಿನಲ್ಲಿ ಕೂತ ಒಂದು ಸಣ್ಣ ಪೊಟ್ಟಣ, ಡ್ರೈವು ಕೈ ಬದಲಾಗುವಾಗ ಮೊದಲು ಕಳೆದುಹೋಗುವುದೂ ಅದೇ.

34ನೆಯ ಪಿನ್ನು ಇನ್ನೊಂದು ಗಡಿ. ಶುಗಾರ್ಟ್ ಪದ್ಧತಿಯಲ್ಲಿ ಅದು ಡ್ರೈವು ಸಿದ್ಧವಾಗಿದೆ ಎಂಬ ಸೂಚನೆ. ಪಿಸಿಯಲ್ಲಿ ಡಿಸ್ಕು ಬದಲಾಗಿದೆ ಎಂಬ ಸೂಚನೆ. ಅಮಿಗಾ ಯಂತ್ರ ಸಿದ್ಧತೆಯನ್ನು 34ರಲ್ಲೂ ಬದಲಾವಣೆಯನ್ನು 2ರಲ್ಲೂ ಕೇಳುತ್ತದೆ. ಆಮ್‌ಸ್ಟ್ರಾಡ್ ಯಂತ್ರಗಳು ಸಿದ್ಧತೆಯ ಸೂಚನೆ ಬಾರದೆ ಮುಂದೆ ಹೋಗುವುದೇ ಇಲ್ಲ. ಸ್ಪೆಕ್ಟ್ರಮ್ ಕಥೆ ಇದಕ್ಕೆ ತಿರುವುಮುರುವು: ಅಲ್ಲಿ ಡ್ರೈವು ಯಾವುದಾದರೂ ನಡೆದೀತು, ಕಾರ್ಡು ಬದಲಾದರೆ ಎಲ್ಲವೂ ಬದಲಾಗುತ್ತದೆ. ಒಂದೇ ಡ್ರೈವಿನಲ್ಲಿ ಬೀಟಾ ಡಿಸ್ಕ್ ಕಾರ್ಡು 256 ಬೈಟಿನ 16 ಸೆಕ್ಟರುಗಳಲ್ಲಿ 640 ಕಿಲೋಬೈಟ್ ಬರೆದರೆ, ಪ್ಲಸ್ ಡಿ ಕಾರ್ಡು 512 ಬೈಟಿನ 10 ಸೆಕ್ಟರುಗಳಲ್ಲಿ 800 ಬರೆಯುತ್ತದೆ. ಒಂದರ ಡಿಸ್ಕು ಇನ್ನೊಂದಕ್ಕೆ ತಿಳಿಯದು. ಕಮೊಡೋರ್ 64ರ 1541 ಡ್ರೈವಿನಲ್ಲಂತೂ ಕಾರ್ಡು ಪೂರ್ತಿ ಡ್ರೈವಿನ ಹೊಟ್ಟೆಯೊಳಗಿದೆ, ಅದಕ್ಕೆ ತನ್ನದೇ 6502 ಪ್ರೊಸೆಸರೂ ಮೆಮೊರಿಯೂ ಇವೆ. ಅದು ನಿಧಾನವೆಂದು ಜನ ದೂರುತ್ತಾರೆ. ಜೋಡಿ ಹೊಂದಿಸುವವನ ಕಣ್ಣಿನಿಂದ ನೋಡಿದರೆ ಅದಕ್ಕಿಂತ ಉಪಕಾರಿಯಾದ ಡ್ರೈವು ಇನ್ನೊಂದಿಲ್ಲ, ಏಕೆಂದರೆ ಅದರ ಎರಡು ಭಾಗಗಳನ್ನು ಯಾರೂ ಅಗಲಿಸಲಾರರು.

ಉಳಿದ ಯಂತ್ರಗಳ ಜೋಡಿಗಳು ಅಗಲುವುದು ಎಲ್ಲಿ ಎಂದರೆ, ಕಡತದಲ್ಲಿ. ಯಾವ ಊರಿನ ಯಾವ ಸಂಸ್ಥೆಯ ಡೆಡ್ ಸ್ಟಾಕ್ ರಿಜಿಸ್ಟರನ್ನು ತೆರೆದರೂ ಕಂಪ್ಯೂಟರ್ ಒಂದು ಸಾಲು, ಡ್ರೈವ್ ಒಂದು ಸಾಲು, ಕಾರ್ಡ್ ಇನ್ನೊಂದು ಸಾಲು. ಕಂಡೆಮ್ ಮಾಡುವಾಗಲೂ ಹಾಗೆಯೇ ಬೇರೆ ಬೇರೆ ಗುಡ್ಡೆ. ಹರಾಜಿನಲ್ಲಿ ಹಿಡಿದ ಗುಜರಿಯವರು ಡ್ರೈವನ್ನು ಅಲ್ಯೂಮಿನಿಯಮ್ ಚೌಕಟ್ಟು ಮತ್ತು ಮೋಟಾರಿಗಾಗಿ ತೂಗುತ್ತಾರೆ, ಕಾರ್ಡುಗಳು ಅಂಚಿನ ಚಿನ್ನದ ಲೇಪಕ್ಕಾಗಿ ಬೇರೆ ಚೀಲಕ್ಕೆ ಬೀಳುತ್ತವೆ. ನನಗೆ ಪರಿಚಯದ ಒಬ್ಬ ಗುಜರಿ ವ್ಯಾಪಾರಿ ಈಚೆಗೆ ಫೋನ್ ಮಾಡಿ, "ಮೇಷ್ಟ್ರೇ, ನೀವು ಕೇಳಿದ ದಪ್ಪ ಡ್ರೈವ್ ಬಂದೈತಿ ನೋಡ್ರಿ, ಆದ್ರ ಕಾರ್ಡೆಲ್ಲ ಆಗ್ಲೇ ಬೆಂಗ್ಳೂರಿನ ಲೋಡಿಗೆ ಹೋದ್ವು" ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಅವರು ಬಿಚ್ಚುವ ಹೊತ್ತಿಗೆ ಆ ಎರಡೂ ಒಂದೇ ಎಂದು ಹೇಳುವ ಚೀಟಿಯೇ ಅದರ ಮೇಲೆ ಇರಲಿಲ್ಲ. "ಮುಂದಿನ ಸಲ ಬಿಚ್ಚೋಕೆ ಮುಂಚೆ ಹೇಳಿ ಯಜಮಾನ್ರೇ, ತೂಕಕ್ಕೆ ಬರೋ ದುಡ್ಡು ನಾನೇ ಕೊಡ್ತೀನಿ" ಎಂದಿದ್ದೇನೆ. ಚಿತ್ರದುರ್ಗದ ಕಡೆಯಿಂದ ಶಾಲೆಯೊಂದರ ಹಳೆಯ ಸಾಮಾನು ಬಂದಾಗ ಅವರು ಈ ಮಾತನ್ನು ನೆನಪಿಟ್ಟು ಡ್ರೈವ್, ಕೇಬಲ್, ಯಂತ್ರ ಮೂರನ್ನೂ ಒಂದೇ ಗೋಣಿಚೀಲದಲ್ಲಿ ಕಟ್ಟಿ ಕಳಿಸಿದರು. ಕೇಬಲನ್ನು ಕಳಿಸಿದ್ದು ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟಿತು, ಏಕೆಂದರೆ ಎಳೆಗಳನ್ನು ಎಲ್ಲಿ ತಿರುವಿದ್ದಾರೆ ಎಂಬುದು ಆ ಯಂತ್ರ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ನೇರವಾದ ಸಾಕ್ಷಿ.

ಲ್ಯಾಬಿನ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಯಂತ್ರವನ್ನು ಬಿಚ್ಚುವ ಮೊದಲು ಡ್ರೈವಿನ ಮೇಲೆಯೇ ಅಳಿಸದ ಮಸಿಯಲ್ಲಿ ಯಂತ್ರದ ಹೆಸರು, ಕಾರ್ಡಿನ ಮುಖ್ಯ ಚಿಪ್ಪಿನ ಸಂಖ್ಯೆ, ಆಯ್ಕೆಯ ಜಂಪರ್ ಇರುವ ಜಾಗ, ಟರ್ಮಿನೇಟರ್ ಇದೆಯೇ ಇಲ್ಲವೇ ಎಂಬುದು ಇಷ್ಟನ್ನು ಬರೆದು, ಕೇಬಲನ್ನು ಡ್ರೈವಿಗೇ ಕಟ್ಟಿಡಬೇಕು. ಇವತ್ತು ಬೇಡವಾದದ್ದು ಇನ್ನೊಬ್ಬರ ಕೈಯಲ್ಲಿ ನಡೆಯುವುದಕ್ಕೆ ಅಷ್ಟು ಸಾಕಾಗುತ್ತದೆ.

ಈಗ ಗೋಟೆಕ್ ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆಯಲ್ಲ, ಪೆನ್ ಡ್ರೈವ್ ಹಾಕಿದರೆ ಫ್ಲಾಪಿ ಡ್ರೈವಿನಂತೆ ನಡೆಯುತ್ತದೆಯಲ್ಲ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ನಾನೂ ಗೋಟೆಕ್ ಬಳಸುತ್ತೇನೆ, ಹುಡುಗರಿಗೆ ಬಿಬಿಸಿ ಬೇಸಿಕ್ ತೋರಿಸಲು ಅದರಷ್ಟು ಅನುಕೂಲವಾದದ್ದು ಬೇರೆಯಿಲ್ಲ. ಆದರೆ ಅದಕ್ಕೆ ಹಾಕುವ ಫ್ಲ್ಯಾಶ್‌ಫ್ಲಾಪಿ ಎಂಬ ಮುಕ್ತ ತಂತ್ರಾಂಶವೂ ಮೊದಲು ಕೇಳುವುದು, ನಿಮ್ಮದು ಶುಗಾರ್ಟ್ ಪದ್ಧತಿಯೇ, ಐಬಿಎಂ ಪಿಸಿ ಪದ್ಧತಿಯೇ, ಅಮಿಗಾ ಪದ್ಧತಿಯೇ ಎಂದು. ಕಾರ್ಡಿನ ನಿರೀಕ್ಷೆಯನ್ನು ತಿಳಿಯದೆ ಅಲ್ಲಿಯೂ ಮುಂದೆ ಹೋಗಲಾಗದು. ಅದಕ್ಕಿಂತ ದೊಡ್ಡ ಕಾರಣ ಈಗಾಗಲೇ ಬರೆದಿಟ್ಟ ಡಿಸ್ಕುಗಳು. ಎಂಬತ್ತರ ದಶಕದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳು, ಶಾಲೆಗಳಿಗಾಗಿ ಮೇಷ್ಟರುಗಳು ತಾವೇ ಬರೆದ ಪಾಠದ ಪ್ರೋಗ್ರಾಮುಗಳು, ಮಂಡಿಯ ಲೆಕ್ಕಗಳು ಇನ್ನೂ ಆ ಕಪ್ಪು ಚೌಕಗಳ ಮೇಲೆಯೇ ಇವೆ, ಮತ್ತು ಸಿಂಗಲ್ ಡೆನ್ಸಿಟಿಯಲ್ಲಿ ಬರೆದದ್ದನ್ನು ಓದಲು ಎಷ್ಟೋ ಪಿಸಿಗಳ ಕಾರ್ಡುಗಳಿಗೆ ಬಾರದು. ಅಂಥ ಡಿಸ್ಕುಗಳನ್ನು ಓದಬಲ್ಲದ್ದು ಸರಿಯಾದ ಡ್ರೈವೂ ಸರಿಯಾದ ಕಾರ್ಡೂ ಕೂಡಿದ ಜೋಡಿಯೇ.

ಮನೆಯಲ್ಲಿ ಅಂಥ ಡಿಸ್ಕುಗಳಿರುವವರು ಅವನ್ನು ಸಿಕ್ಕ ಡ್ರೈವಿಗೆ ಹಾಕಿ ನೋಡಬೇಡಿ. ಮೊದಲು ಜಾಕೆಟ್ಟಿನ ಕಿಟಕಿಯಲ್ಲಿ ಕಾಣುವ ತಟ್ಟೆಯನ್ನು ಬೆಳಕಿಗೆ ಹಿಡಿದು ಬೂಸ್ಟು ಹಿಡಿದಿದೆಯೇ ನೋಡಿ. ಹಿಡಿದಿದ್ದರೆ ಅದು ಹೆಡ್ಡನ್ನೂ ಕೆಡಿಸಿ ಮುಂದಿನ ಡಿಸ್ಕನ್ನೂ ಗೀರುತ್ತದೆ. ನಮ್ಮ ಊರಿನ ಧೂಳಿಗೆ ಪ್ರತಿ ಸಲವೂ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸುವುದು ಅಗತ್ಯ. 5.25 ಇಂಚಿನದಾದರೆ ಬಲ ಅಂಚಿನ ಕಚ್ಚನ್ನು ಬೆಳಕು ಹಾಯದ ಟೇಪಿನಿಂದ ಮುಚ್ಚಿ, ಆಗ ಡ್ರೈವು ಅದರ ಮೇಲೆ ಬರೆಯಲಾರದು. ಆಮೇಲೆ ಟ್ರ್ಯಾಕುಗಳ ಸಂಖ್ಯೆ, ಸುತ್ತಿನ ವೇಗ, ಕಾರ್ಡಿನ ಚಿಪ್ಪು ಈ ಮೂರೂ ಆ ಡಿಸ್ಕು ಬರೆದ ಯಂತ್ರದ್ದಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಂಡು ಒಳಗೆ ಹಾಕಿ.